ಒಂಬತ್ತು ಊದುವಾದ್ಯ, ನಾಲ್ಕು ದಿನಗಳ ಸರದಿ

ಆ ನಾಲ್ಕು ದಿನಗಳಲ್ಲಿ ನಾನು ಟ್ರೊಂಬೋನ್ ಊದಿದ ಹೊತ್ತಿಗಿಂತ ಅದನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಇತರರು ಊದುವುದನ್ನು ಕೇಳುತ್ತ ಕುಳಿತ ಹೊತ್ತೇ ಹೆಚ್ಚು. ಧ್ವನಿಮುದ್ರಣಕ್ಕೆಂದು ತಿಂಗಳುಗಟ್ಟಲೆ ಸಿದ್ಧತೆ ಮಾಡಿಕೊಂಡು ಹೋದವನಿಗೆ ಮೊದಲ ದಿನ ಇದು ನಷ್ಟವೆಂದೇ ತೋರಿತ್ತು. ಆ ಕುಳಿತ ಹೊತ್ತಿನಲ್ಲಿ ನನಗೆ ಆದದ್ದೇನು ಎಂಬುದನ್ನು ಬರೆದಿಡಬೇಕೆಂದು ಆಗಿನಿಂದಲೂ ಅಂದುಕೊಳ್ಳುತ್ತಿದ್ದೆ.

ನಾವು ಒಂಬತ್ತು ಮಂದಿ. ಟ್ರಂಪೆಟ್, ಟ್ರೊಂಬೋನ್, ಫ್ರೆಂಚ್ ಹಾರ್ನ್, ಟ್ಯೂಬಾ ಎಂಬ ನಾಲ್ಕು ಹಿತ್ತಾಳೆ ವಾದ್ಯಗಳು. ಸೊಪ್ರಾನೊ, ಆಲ್ಟೊ, ಟೆನರ್, ಬ್ಯಾರಿಟೋನ್ ಎಂಬ ನಾಲ್ಕು ಸ್ಯಾಕ್ಸೊಫೋನ್‌ಗಳು. ಒಂದು ಬಾಸ್ ಕ್ಲಾರಿನೆಟ್. ಜಾಝ್ ವಾದಕರ ಮಾತಿನಲ್ಲಿ ಇವೆಲ್ಲವೂ ಹಾರ್ನ್‌ಗಳೇ. ಡ್ರಮ್ ಇಲ್ಲ, ತಂತಿವಾದ್ಯವಿಲ್ಲ, ಬರೆದಿಟ್ಟ ಸ್ವರಲಿಪಿಯಿಲ್ಲ. ನಮ್ಮಲ್ಲಿ ಯಾರೂ ಎಲ್ಲರೊಡನೆಯೂ ಹಿಂದೆ ಊದಿದವರಲ್ಲ. ಕೆಲವರ ಪರಿಚಯವಾದದ್ದೇ ಆ ಬೆಳಿಗ್ಗೆ.

ನಾವು ಊದುವ ಮುಕ್ತ ಆಶುವಾದನದ ಬಗ್ಗೆ ಒಂದು ಮಾತು ಇಲ್ಲಿ ಅಗತ್ಯ. ಮನೋಧರ್ಮ ಸಂಗೀತವನ್ನು ಬಲ್ಲವರು ಇದನ್ನೂ ಅದರದೇ ಒಂದು ಬಗೆಯೆಂದು ಭಾವಿಸುವುದುಂಟು, ಆದರೆ ಎರಡರ ನಡುವೆ ದೊಡ್ಡ ಅಂತರವಿದೆ. ರಾಗ ತಾಳಗಳ ಚೌಕಟ್ಟಿನೊಳಗೆ ಆ ಕ್ಷಣಕ್ಕೆ ಹೊಳೆದದ್ದನ್ನು ನುಡಿಸುವುದು ಮನೋಧರ್ಮ. ಮುಕ್ತ ಆಶುವಾದನದಲ್ಲಿ ರಾಗವೂ ತಾಳವೂ ಆಧಾರ ಶ್ರುತಿಯೂ ಮೊದಲೇ ನಿಶ್ಚಯವಾಗಿರುವುದಿಲ್ಲ. ಅವುಗಳಲ್ಲಿ ಯಾವುದಾದರೂ ಹುಟ್ಟಬಹುದು, ಹುಟ್ಟಿ ಎರಡು ನಿಮಿಷಕ್ಕೆ ಕರಗಿಯೂ ಹೋಗಬಹುದು. ಆಶುಕವಿಗೆ ಛಂದಸ್ಸನ್ನೂ ವಸ್ತುವನ್ನೂ ಸಭೆಯೇ ಕೊಡುತ್ತದೆ, ನಮಗೆ ಅವೆರಡನ್ನೂ ಕೊಡುವವರಿಲ್ಲ. ಪಕ್ಕದಲ್ಲಿ ಊದುತ್ತಿರುವವರು ಈಗ ತಾನೇ ಏನು ಮಾಡಿದರು ಎಂಬುದೊಂದೇ ನಮಗಿರುವ ಆಧಾರ.

ಆ ನಾಲ್ಕು ದಿನ ನಾವು ಸಣ್ಣ ಸಣ್ಣ ಗುಂಪುಗಳಾಗಿ, ಪ್ರತಿ ಸಲವೂ ಗುಂಪನ್ನು ಬದಲಿಸುತ್ತ ಊದಿದೆವು. ತಂಡವನ್ನು ಹೀಗೆ ಸರದಿಯಲ್ಲಿ ಬದಲಾಯಿಸುತ್ತ ಹೋಗುವುದು ನಮ್ಮ ಕಲ್ಪನೆಯಲ್ಲ. ಇಂಗ್ಲೆಂಡಿನ ಗಿಟಾರ್ ವಾದಕ ಡೆರೆಕ್ ಬೇಲಿ 1976ರಲ್ಲಿ 'ಕಂಪನಿ' ಎಂಬ ಹೆಸರಿನಲ್ಲಿ ಶಾಶ್ವತ ಸದಸ್ಯರೇ ಇಲ್ಲದ ಒಂದು ತಂಡವನ್ನು ಆರಂಭಿಸಿದರು. ಮರುವರ್ಷದಿಂದ ಲಂಡನ್ನಿನಲ್ಲಿ ನಡೆದ 'ಕಂಪನಿ ವೀಕ್' ಕಾರ್ಯಕ್ರಮಗಳಿಗೆ ಬೇರೆಬೇರೆ ಹಿನ್ನೆಲೆಯ ವಾದಕರನ್ನು ಕರೆಸಿ, ಇಬ್ಬರು, ಮೂವರು, ಐವರು ಎಂಬಂತೆ ಗುಂಪುಗಳನ್ನು ಮಾಡಿ, ದಿನದಿನವೂ ಅವನ್ನು ಕಲಸಿ ನುಡಿಸುತ್ತಿದ್ದರು. ಒಂದೇ ಜನ ಬಹುಕಾಲ ಒಟ್ಟಿಗೆ ಆಶುವಾದನ ಮಾಡಿದರೆ ಅವರ ನಡುವೆ ಒಪ್ಪಂದಗಳು ತಾವಾಗಿಯೇ ಬೆಳೆಯುತ್ತವೆ. ಇವರು ಏರಿಸಿದಾಗ ಅವರು ಇಳಿಸುವುದು, ಹತ್ತನೆಯ ನಿಮಿಷಕ್ಕೆ ಗದ್ದಲ ಎದ್ದು ಹನ್ನೆರಡನೆಯ ನಿಮಿಷಕ್ಕೆ ಅಡಗುವುದು, ಇಂಥವೆಲ್ಲ ಬರೆಯದ ಸ್ವರಲಿಪಿಗಳೇ. ಗುಂಪನ್ನು ಕಲಸುವುದರಿಂದ ಆ ಅಭ್ಯಾಸಗಳು ಗಟ್ಟಿಯಾಗುವುದಕ್ಕೆ ಎಡೆ ಸಿಗುವುದಿಲ್ಲ.

ಸರದಿಯ ಪಟ್ಟಿಯನ್ನು ಸಿದ್ಧಪಡಿಸಿದವರು ನಮ್ಮ ಬಾಸ್ ಕ್ಲಾರಿನೆಟ್ ವಾದಕರು. ಒಂಬತ್ತು ಹೆಸರುಗಳನ್ನು ಮೂರು ಸಾಲು, ಮೂರು ಕಂಬಗಳ ಚೌಕದಲ್ಲಿ ಬರೆದರು. ಮೊದಲ ದಿನ ಅಡ್ಡಸಾಲಿನ ಮೂವರು ಮೂವರು. ಎರಡನೆಯ ದಿನ ಕಂಬಸಾಲಿನ ಮೂವರು ಮೂವರು. ಮೂರನೆಯ ದಿನ ಒಂದು ದಿಕ್ಕಿನ ಕರ್ಣದಲ್ಲಿ, ನಾಲ್ಕನೆಯ ದಿನ ಇನ್ನೊಂದು ದಿಕ್ಕಿನ ಕರ್ಣದಲ್ಲಿ, ಚೌಕದ ಅಂಚು ತಲಪಿದಾಗ ಮತ್ತೊಂದು ಅಂಚಿನಿಂದ ಒಳಬಂದಂತೆ ಲೆಕ್ಕ ಹಾಕಿ ಮೂವರು ಮೂವರು. ಹೀಗೆ ಮಾಡಿದರೆ ಒಟ್ಟು ಹನ್ನೆರಡು ತ್ರಿವಳಿಗಳಾಗುತ್ತವೆ, ಒಂಬತ್ತು ಮಂದಿಯಲ್ಲಿ ಯಾವ ಇಬ್ಬರನ್ನು ತೆಗೆದುಕೊಂಡರೂ ಅವರು ಒಂದೇ ಒಂದು ಬಾರಿ ಒಟ್ಟಿಗೆ ಊದಿರುತ್ತಾರೆ. ಯಾರೂ ಯಾರಿಗೂ ತಪ್ಪುವುದಿಲ್ಲ, ಯಾರೂ ಎರಡನೆಯ ಸಲ ಸಿಗುವುದೂ ಇಲ್ಲ. ಆ ಕಾಗದವನ್ನು ನೋಡಿದಾಗ ನನಗಾದ ಸಂತೋಷ ಇನ್ನೂ ನೆನಪಿದೆ. ಅದರ ಇನ್ನೊಂದು ಅರ್ಥ ಆಗ ನನಗೆ ಹೊಳೆದಿರಲಿಲ್ಲ: ಪ್ರತಿ ಬೆಳಿಗ್ಗೆ ನಾನು ಒಂದು ಬಾರಿ ಊದಿ ಎರಡು ಬಾರಿ ಹೊರಗೆ ಕುಳಿತಿರಬೇಕಾಗಿತ್ತು. ಮಧ್ಯಾಹ್ನ ಚೀಟಿ ಎತ್ತಿ ಐದೈದು ಮಂದಿಯ ಎರಡು ಗುಂಪುಗಳು; ಕೊನೆಯ ಮಧ್ಯಾಹ್ನ ಮಾತ್ರ ಎಲ್ಲರೂ ಒಟ್ಟಿಗೆ.

ನಾವು ಒಪ್ಪಿಕೊಂಡ ನಿಯಮಗಳು ಕೆಲವೇ. ಊದದವರು ಮುದ್ರಣಯಂತ್ರಗಳಿರುವ ಕಂಟ್ರೋಲ್ ರೂಮಿನಲ್ಲಿ ಕುಳಿತು ಮಾತಿಲ್ಲದೆ ಕೇಳಬೇಕು. ಕೇಳಿದ್ದರ ಬಗ್ಗೆ ಊದಿದವರ ಬಳಿ ಅಂದು ಏನನ್ನೂ ಹೇಳಬಾರದು, ಹೊಗಳಿಕೆಯನ್ನೂ ಕೂಡ. ತಾವು ಊದಿದ್ದನ್ನು ಮರುದಿನ ಸಂಜೆಯವರೆಗೆ ಕೇಳಬಾರದು.

ಧ್ವನಿಮುದ್ರಣ ನಡೆದದ್ದು ಮರದ ನೆಲದ, ಎತ್ತರದ ಚಾವಣಿಯ ಒಂದು ಸಭಾಂಗಣದಲ್ಲಿ. ಪಕ್ಕದ ಕೋಣೆಯೇ ಕಂಟ್ರೋಲ್ ರೂಮ್. ವಾದಕರನ್ನು ಗಾಜಿನ ಗೂಡುಗಳಲ್ಲಿ ಬೇರ್ಪಡಿಸಿ, ಹೆಡ್‌ಫೋನ್ ಹಾಕಿಸಿ ಮುದ್ರಿಸುವ ಪದ್ಧತಿ ಈ ಸಂಗೀತಕ್ಕೆ ಒಗ್ಗುವುದಿಲ್ಲ, ಏಕೆಂದರೆ ಹೆಡ್‌ಫೋನಿನಲ್ಲಿ ಕೇಳುವುದು ಬೇರೊಬ್ಬರು ಅಳತೆಮಾಡಿ ಕೊಟ್ಟ ಸಮತೋಲನ. ನನಗಿಂತ ಟ್ಯೂಬಾ ಎಷ್ಟು ಜೋರಾಗಿದೆ ಎಂಬುದನ್ನು ನನ್ನ ಕಿವಿಯೇ ತೀರ್ಮಾನಿಸಿ, ನನ್ನ ಉಸಿರೇ ಅದಕ್ಕೆ ಉತ್ತರ ಕೊಡಬೇಕು. ಆದ್ದರಿಂದ ನಾವು ವೃತ್ತಾಕಾರದಲ್ಲಿ ಮುಖಾಮುಖಿಯಾಗಿ ನಿಂತೆವು. ವೃತ್ತದ ನಡುವೆ ಎತ್ತರದಲ್ಲಿ ಒಂದು ಜೋಡಿ ಸ್ಟೀರಿಯೊ ಮೈಕುಗಳು, ಪ್ರತಿಯೊಬ್ಬರ ಹತ್ತಿರ ಒಂದೊಂದು ಮೈಕು. ಒಬ್ಬರ ಧ್ವನಿ ಇನ್ನೊಬ್ಬರ ಮೈಕಿಗೆ ಸೋರುವುದು ಖಚಿತವಾಗಿತ್ತು, ಅದನ್ನು ತಡೆಯಲು ಯಾರೂ ಪ್ರಯತ್ನಿಸಲಿಲ್ಲ. ಆದರೆ ಆ ಸೋರಿಕೆ ಮೂಲ ಧ್ವನಿಯನ್ನು ಕಲುಷಿತಗೊಳಿಸದಂತೆ, ವಾದ್ಯದಿಂದ ಮೈಕು ಎಷ್ಟು ದೂರವಿದೆಯೋ ಅದರ ಮೂರು ಪಟ್ಟಾದರೂ ದೂರ ಎರಡು ಮೈಕುಗಳ ನಡುವೆ ಇರಬೇಕೆಂಬ ಹಳೆಯ ಸೂತ್ರವನ್ನು ತಂತ್ರಜ್ಞೆ ಟೇಪು ಹಿಡಿದು ಪಾಲಿಸಿದರು.

ಅವರ ಕೆಲಸವನ್ನು ನೋಡುವುದೇ ಒಂದು ಪಾಠವಾಗಿತ್ತು. ಹಿತ್ತಾಳೆ ವಾದ್ಯಗಳ ಧ್ವನಿಯೆಲ್ಲ ಬೆಲ್ಲಿನ, ಎಂದರೆ ವಾದ್ಯದ ಅರಳಿದ ತುದಿಯ, ಬಾಯಿಯಿಂದಲೇ ಬರುತ್ತದೆ; ಮೇಲಿನ ಸ್ವರಾಂಶಗಳಂತೂ ಟಾರ್ಚಿನ ಬೆಳಕಿನಂತೆ ನೇರವಾಗಿ ಹೋಗುತ್ತವೆ. ಸ್ಯಾಕ್ಸೊಫೋನ್ ಹಾಗಲ್ಲ. ಅದರ ಧ್ವನಿಯ ಬಹುಭಾಗ ತೆರೆದಿರುವ ರಂಧ್ರಗಳಿಂದ ಹೊರಬೀಳುತ್ತದೆ, ಬೆಲ್ಲಿನ ಪಾತ್ರ ಮುಖ್ಯವಾಗುವುದು ಅತಿ ಕೆಳಗಿನ ಸ್ವರಗಳಲ್ಲಿ ಮಾತ್ರ. ಹೀಗಾಗಿ ಸ್ಯಾಕ್ಸೊಫೋನಿನ ಮೈಕನ್ನು ಕೀಲಿಗಳ ನಡುಭಾಗಕ್ಕೆ ಎದುರಾಗಿ ಇಟ್ಟರು. ನನಗೂ ಟ್ರಂಪೆಟ್ಟಿಗೂ ರಿಬ್ಬನ್ ಮೈಕು ಕೊಟ್ಟರು. ಅದು ಹಿತ್ತಾಳೆಯ ಚೂಪನ್ನು ಮೆದುಗೊಳಿಸುತ್ತದೆ, ಆದರೆ ಅದರೊಳಗಿನ ತೆಳು ಲೋಹದ ಪಟ್ಟಿ ಗಾಳಿಯ ಹೊಡೆತವನ್ನು ತಾಳುವುದಿಲ್ಲವಾದ್ದರಿಂದ ಬೆಲ್ಲಿನ ನೇರಕ್ಕೆ ಇಡದೆ ತುಸು ಓರೆಯಾಗಿ ನಿಲ್ಲಿಸಿದರು. ಎಲ್ಲರಿಗಿಂತ ಹೆಚ್ಚು ಸಮಯ ಹಿಡಿದದ್ದು ಫ್ರೆಂಚ್ ಹಾರ್ನ್. ಅದರ ಬೆಲ್ ಹಿಂದಕ್ಕೆ ತಿರುಗಿರುತ್ತದೆ, ವಾದಕನ ಬಲಗೈ ಅದರೊಳಗಿರುತ್ತದೆ; ವೃತ್ತದಲ್ಲಿ ನಾವೆಲ್ಲ ನಡುವಿಗೆ ಊದುವಾಗ ಅವರೊಬ್ಬರು ಗೋಡೆಗೆ ಊದುತ್ತಿದ್ದರು. ಕೊನೆಗೆ ಅವರ ಬೆನ್ನ ಹಿಂದೆ ಒಂದು ಮರದ ಹಲಗೆಯನ್ನು ನಿಲ್ಲಿಸಿದ ಮೇಲೆ ಆ ಧ್ವನಿ ತಿರುಗಿ ನಮ್ಮ ಕಡೆಗೆ ಬಂದಿತು.

ಮೊದಲ ಬೆಳಿಗ್ಗೆ, ಊದುವ ಮುನ್ನ, ಬ್ರಿಟಿಷ್ ಡ್ರಮ್ ವಾದಕ ಜಾನ್ ಸ್ಟೀವನ್ಸ್ ತಮ್ಮ ಕಾರ್ಯಾಗಾರಗಳಲ್ಲಿ ಹೇಳಿಕೊಡುತ್ತಿದ್ದ ಎರಡು ಅಭ್ಯಾಸಗಳನ್ನು ಒಟ್ಟಾಗಿ ಮಾಡಿದೆವು. ಒಂದರಲ್ಲಿ ಪ್ರತಿಯೊಬ್ಬರೂ ತಮ್ಮ ವಾದ್ಯದಿಂದ ಸಾಧ್ಯವಾದಷ್ಟು ಗಿಡ್ಡ ಶಬ್ದವನ್ನು ಮಾತ್ರ ಹೊರಡಿಸಬೇಕು. ಇನ್ನೊಂದರಲ್ಲಿ ಒಂದು ಉಸಿರು ಮುಗಿಯುವವರೆಗೂ ಒಂದೇ ಸ್ವರವನ್ನು ಹಿಡಿದು, ಅವಸರವಿಲ್ಲದೆ ಉಸಿರೆಳೆದುಕೊಂಡು ಮತ್ತೆ ಊದಬೇಕು. ಕೇಳಲು ಇದು ಮಕ್ಕಳ ಪಾಠದಂತಿದೆ. ಮಾಡಿದರೆ ಮಾತ್ರ, ಗಿಡ್ಡ ಶಬ್ದವೆಂದು ನಾನು ತಿಳಿದಿದ್ದುದು ಎಷ್ಟು ಉದ್ದವಾಗಿತ್ತು ಎಂಬುದು ಕೂಡಲೇ ಗೊತ್ತಾಗುತ್ತದೆ.

ನನ್ನ ಮೊದಲ ತ್ರಿವಳಿ ಟ್ರಂಪೆಟ್ ಮತ್ತು ಸೊಪ್ರಾನೊ ಸ್ಯಾಕ್ಸೊಫೋನ್ ಜೊತೆ. ಸೊಪ್ರಾನೊ ವಾದಕಿ ಆವರ್ತ ಉಸಿರಾಟದಲ್ಲಿ ಪಳಗಿದವರು. ಕೆನ್ನೆಯಲ್ಲಿ ತುಂಬಿಟ್ಟ ಗಾಳಿಯನ್ನು ಹೊರಗೊತ್ತುತ್ತಲೇ ಮೂಗಿನಿಂದ ಉಸಿರೆಳೆದುಕೊಂಡು ಧ್ವನಿಯನ್ನು ಕಡಿಯದೆ ಮುಂದುವರಿಸುವ ಈ ವಿದ್ಯೆಯನ್ನು ಬ್ರಿಟನ್ನಿನ ಎವಾನ್ ಪಾರ್ಕರ್ ಅವರಂಥವರು ಸೊಪ್ರಾನೊ ಸ್ಯಾಕ್ಸೊಫೋನಿನಲ್ಲಿ ಒಂದು ಪೂರ್ಣ ಭಾಷೆಯನ್ನಾಗಿಯೇ ಬೆಳೆಸಿದ್ದಾರೆ. ಟೇಕ್, ಎಂದರೆ ಒಂದು ಸಲಕ್ಕೆ ಮುದ್ರಿಸುವ ವಾದನ, ಶುರುವಾಗಿ ಒಂದು ನಿಮಿಷವಾಗುವಷ್ಟರಲ್ಲಿ ಆಕೆಯ ಸ್ವರಗಳು ಎಡೆಬಿಡದೆ ಸುತ್ತತೊಡಗಿದವು. ಇತರರು ಉಸಿರಿಗೆ ನಿಲ್ಲುವ ಸಂದಿನಲ್ಲಿ ಪ್ರವೇಶಿಸುವುದು ನನ್ನ ರೂಢಿ. ಇಲ್ಲಿ ಸಂದೇ ಇರಲಿಲ್ಲ. ಏನು ಮಾಡಬೇಕೆಂದು ತಿಳಿಯದೆ ನಾನೂ ಊದುತ್ತಲೇ ಹೋದೆ: ಸ್ವರದಿಂದ ಸ್ವರಕ್ಕೆ ಜಾರುವ ಗ್ಲಿಸಾಂಡೊ, ಬೆಲ್ಲಿಗೆ ಮುಚ್ಚಿ ತೆರೆಯುವ ಪ್ಲಂಜರ್ ಮ್ಯೂಟಿನ ಗುರುಗುರು, ನಾಲಿಗೆಯ ನಡುಕ, ಕಲಿತದ್ದೆಲ್ಲವೂ ಒಂದರ ಹಿಂದೊಂದು ಬಂದವು. ನಾಲ್ಕನೆಯ ನಿಮಿಷದ ಹೊತ್ತಿಗೆ ಟ್ರಂಪೆಟ್ಟಿನ ಹಿರಿಯರು ವಾದ್ಯವನ್ನು ಕೆಳಗಿಳಿಸಿದರು. ಹನ್ನೊಂದನೆಯ ನಿಮಿಷಕ್ಕೆ ಟೇಕ್ ಮುಗಿಯುವವರೆಗೂ ಮತ್ತೆ ಎತ್ತಲಿಲ್ಲ. ನನ್ನ ಮೇಲೆ ಬೇಸರವಾಗಿರಬೇಕೆಂದು ನಾನು ಅಂದೆಲ್ಲ ಒಳಗೊಳಗೇ ನೊಂದೆ. ನಿಯಮವಿದ್ದುದರಿಂದ ಕೇಳುವಂತೆಯೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಟ್ರಂಪೆಟ್, ಆಲ್ಟೊ, ಟೆನರ್ ಇವರ ತ್ರಿವಳಿ. ನಾನು ಕಂಟ್ರೋಲ್ ರೂಮಿನಲ್ಲಿದ್ದೆ. ಸ್ಪೀಕರುಗಳಲ್ಲಿ ಕೇಳುವಾಗ ಒಂದು ವಿಷಯ ಸಭಾಂಗಣದಲ್ಲಿ ನಿಂತವರಿಗಿಂತ ಸ್ಪಷ್ಟವಾಗಿ ತಿಳಿಯುತ್ತದೆ, ಅದು ಉಸಿರೆಳೆದುಕೊಳ್ಳುವ ಶಬ್ದ. ಹತ್ತಿರದ ಮೈಕು ಅದನ್ನು ಬಿಡದೆ ಹಿಡಿಯುತ್ತದೆ. ಆರನೆಯ ನಿಮಿಷದ ಸುಮಾರಿಗೆ ಆಲ್ಟೊ ಒಂದು ಸಣ್ಣ, ಒಡಕು ಸ್ವರವನ್ನು ಹಿಡಿದು ನಿಂತಿತ್ತು; ಟ್ರಂಪೆಟ್ ಸ್ವರವಿಲ್ಲದ ಬರಿಯ ಗಾಳಿಯನ್ನು ಕೊಳವೆಯೊಳಗೆ ಹಾಯಿಸುತ್ತಿತ್ತು. ಆಗ ಟೆನರ್ ವಾದಕರು ಉಸಿರೆಳೆದುಕೊಂಡದ್ದು ಕೇಳಿಸಿತು. ಆಳವಾದ, ಎದೆತುಂಬ ಎಳೆದ ಉಸಿರು. ಟೆನರ್ ಈಗ ಬರುತ್ತದೆ ಎಂದು ನಾವು ಆರು ಮಂದಿಯೂ ಮುಂದಕ್ಕೆ ಬಾಗಿದೆವು. ಬರಲಿಲ್ಲ. ಅವರು ಆ ಉಸಿರನ್ನು ಹಾಗೆಯೇ ಹಿಡಿದಿಟ್ಟು, ಸ್ವಲ್ಪ ಹೊತ್ತಿನ ನಂತರ ಮೂಗಿನಿಂದ ಮೆಲ್ಲಗೆ ಬಿಟ್ಟರು. ಎಳೆದಾಗಿನಿಂದ ಬಿಡುವವರೆಗಿನ ಆ ಕೆಲವು ಕ್ಷಣಗಳಲ್ಲಿ ಆಲ್ಟೊ ಹಿಡಿದಿದ್ದ ಸ್ವರದ ತೂಕವೇ ಬದಲಾಗಿಹೋಯಿತು. ಬಾರದೆ ಉಳಿದ ಟೆನರ್ ಸ್ವರ ಅಲ್ಲಿ ಇದ್ದೇ ಇತ್ತು.

ಅಂದು ಸಂಜೆ ನನ್ನ ಮೊದಲ ದಿನದ ಟೇಕನ್ನು ಕೇಳಿದೆ. ಸೊಪ್ರಾನೊವಿನ ಸುತ್ತುವ ಸ್ವರಗಳೊಳಗೆ ಬೇಗಬೇಗ ಬದಲಾಗುವ ಒಳಸ್ವರಗಳ ಒಂದು ಸೂಕ್ಷ್ಮ ಹೆಣಿಗೆಯಿತ್ತು. ನನ್ನ ಟ್ರೊಂಬೋನ್ ಅದರ ಕೆಳಗೆ ಕೆಸರಿನಂತೆ ಹರಡಿಕೊಂಡಿತ್ತು. ನಾನು ಮಾಡಿದ ಒಂದೊಂದು ಶಬ್ದವೂ ಬಿಡಿಯಾಗಿ ಚೆನ್ನಾಗಿಯೇ ಇತ್ತು. ಅವುಗಳಲ್ಲಿ ಯಾವುದಕ್ಕೂ ಅಲ್ಲಿ ಕೆಲಸವಿರಲಿಲ್ಲ. ಟ್ರಂಪೆಟ್ ನಿಲ್ಲಿಸಿದ ಕ್ಷಣದಿಂದ ಮಾತ್ರ ಧ್ವನಿಯಲ್ಲಿ ಒಂದಿಷ್ಟು ಜಾಗ ತೆರೆದುಕೊಂಡು, ಕೊನೆಯ ಐದಾರು ನಿಮಿಷಗಳಿಗೆ ಸ್ವಲ್ಪ ಆಕಾರ ಬಂದಿತ್ತು. ನಿಯಮದ ಗಡುವು ಮುಗಿದಿದ್ದರಿಂದ ಹಿರಿಯರ ಬಳಿ ಹೋಗಿ, "ನನ್ನಿಂದ ನಿಮಗೆ ತೊಂದರೆಯಾಯಿತು" ಎಂದೆ. ಅವರು ನಿಜವಾಗಿ ಅಚ್ಚರಿಪಟ್ಟರು. "ಇಲ್ಲಪ್ಪ, ಇಬ್ಬರು ಸಾಕೆನಿಸಿತು, ಕೇಳುತ್ತ ನಿಂತೆ. ನಾನು ಊದುತ್ತಲೇ ಇದ್ದೆನಲ್ಲ, ನಿಲ್ಲಿಸಿರಲಿಲ್ಲವಲ್ಲ" ಎಂದರು. ಎರಡನೆಯ ವಾಕ್ಯ ನನಗೆ ಅರ್ಥವಾಗಲು ಟೆನರಿನ ಆ ಉಸಿರನ್ನು ಮತ್ತೊಮ್ಮೆ ನೆನೆಯಬೇಕಾಯಿತು.

ಸರದಿ ಎಂದರೆ ವೈವಿಧ್ಯಕ್ಕಾಗಿ ಮಾಡಿದ ಏರ್ಪಾಡು ಎಂದು ನಾನು ತಿಳಿದಿದ್ದೆ. ಒಬ್ಬ ವಾದಕನನ್ನು ಆಗಾಗ ಹೊರಗೆ ಕಳುಹಿಸುವುದೇ ಅದರ ಮುಖ್ಯ ಕೆಲಸವೆಂದು ಎರಡನೆಯ ದಿನ ತಿಳಿಯಿತು. ಒಳಗಿರುವಾಗ ನನ್ನ ದವಡೆಯ ಮೂಳೆಯ ಮೂಲಕ ನನ್ನ ವಾದ್ಯವೇ ನನಗೆ ಎಲ್ಲಕ್ಕಿಂತ ಜೋರಾಗಿ ಕೇಳುತ್ತದೆ. ತುಟಿಯ ನೋವು, ಉಸಿರಿನ ಲೆಕ್ಕ, ಮುಂದೇನು ಎಂಬ ಆತಂಕ ಇವೆಲ್ಲ ಕಿವಿಗೆ ಅಡ್ಡ ನಿಲ್ಲುತ್ತವೆ. ಹೊರಗೆ ಕುಳಿತಾಗ ಅವಾವುವೂ ಇಲ್ಲ. ಹನ್ನೆರಡು ತ್ರಿವಳಿಗಳಲ್ಲಿ ಎಂಟನ್ನು ಹಾಗೆ ಕೇಳಿದ ಕಿವಿಯೊಡನೆ ನಾಲ್ಕನ್ನು ಊದಬೇಕಾದಾಗ, ಊದುವಾಗಲೂ ಆ ಹೊರಗಿನ ಕಿವಿ ಜೊತೆಯಲ್ಲಿಯೇ ಬರುತ್ತದೆ.

ಎರಡನೆಯ ಮಧ್ಯಾಹ್ನ ನಡೆದ ಒಂದು ಘಟನೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಮುದ್ರಣದ ವೇಳೆ ಸಭಾಂಗಣದ ಏಸಿಯ ಸದ್ದು ಮೈಕಿಗೆ ಬೀಳುವುದರಿಂದ ಅದನ್ನು ಆರಿಸಿರುತ್ತಿದ್ದರು. ಕಂಟ್ರೋಲ್ ರೂಮ್ ಮಾತ್ರ ಯಂತ್ರಗಳ ಸಲುವಾಗಿ ತಣ್ಣಗಿರುತ್ತಿತ್ತು. ಊದುವಾದ್ಯದೊಳಗಿನ ಗಾಳಿ ಬೆಚ್ಚಗಾದಷ್ಟೂ ಅದರಲ್ಲಿ ಶಬ್ದದ ವೇಗ ಹೆಚ್ಚಿ ಶ್ರುತಿ ಏರುತ್ತದೆ. ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 3 ಸೆಂಟ್, ಎಂದರೆ ಅರ್ಧಸ್ವರದ ನೂರರಲ್ಲಿ ಮೂರು ಪಾಲು. ಆ ಮಧ್ಯಾಹ್ನ ಐದೈದು ಮಂದಿಯ ಎರಡು ಗುಂಪುಗಳು. ಸ್ಥಾನಗಳು ಹತ್ತು, ವಾದಕರು ಒಂಬತ್ತು, ಹಾಗಾಗಿ ಒಬ್ಬರು ಎರಡು ಬಾರಿಯೂ ಊದಬೇಕು. ಅಂದು ಆ ಚೀಟಿ ಬಂದದ್ದು ಆಲ್ಟೊ ವಾದಕಿಗೆ. ಬಿಸಿಯೇರಿದ ಸಭಾಂಗಣದಲ್ಲಿ ಇಪ್ಪತ್ತು ನಿಮಿಷ ಊದಿದ ವಾದ್ಯ ಅವರದು. ತಣ್ಣನೆಯ ಕೋಣೆಯಿಂದ ಎದ್ದುಬಂದ ವಾದ್ಯಗಳು ಉಳಿದ ನಾಲ್ವರದು.

ಆಕೆ ಒಂದು ಮಂದ್ರ ಸ್ವರವನ್ನು ಮೆಲ್ಲನೆ ಹಿಡಿದರು. ನಾನು ಸ್ಲೈಡಿನ, ಎಂದರೆ ಟ್ರೊಂಬೋನಿನ ಜಾರುವ ಕೊಳವೆಯ, ಎರಡನೆಯ ಸ್ಥಾನದಲ್ಲಿ ಅದೇ ಸ್ವರವನ್ನು ಊದಿದೆ. ಎರಡೂ ಕೂಡಿಕೊಳ್ಳಲಿಲ್ಲ. ನನ್ನದು ತುಸು ಕೆಳಗಿತ್ತು. ಎರಡು ಶ್ರುತಿಗಳ ನಡುವಿನ ಆ ಅಂತರ ಸೆಕೆಂಡಿಗೆ ಎರಡು ಬಾರಿ ಮಿಡಿಯುವ ಅಲುಗಾಟವಾಗಿ ಸಭಾಂಗಣವನ್ನು ತುಂಬಿತು. ಸ್ಲೈಡನ್ನು ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು ಒಳಗೆಳೆದಿದ್ದರೆ ಶ್ರುತಿ ಸೇರಿಬಿಡುತ್ತಿತ್ತು. ಟ್ರೊಂಬೋನ್ ವಾದಕನ ಕೈ ಯೋಚನೆಯಿಲ್ಲದೆಯೇ ಮಾಡುವ ಕೆಲಸವದು. ನಾನು ಕೈಯನ್ನು ಸರಿಸಲಿಲ್ಲ. ಆಕೆಯೂ ತುಟಿಯನ್ನು ಸಡಿಲಿಸಿ ಕೆಳಗಿಳಿಯಲಿಲ್ಲ. ಉಳಿದ ಮೂವರು ಏನನ್ನೂ ಊದದೆ ನಿಂತರು. ಉಸಿರು ಮುಗಿದಾಗ ಎಳೆದುಕೊಂಡು, ಇಬ್ಬರೂ ಒಟ್ಟಿಗೆ ನಿಲ್ಲದಂತೆ ನೋಡಿಕೊಂಡು, ಅದೇ ಸ್ವರಕ್ಕೆ ಮರಳುತ್ತಿದ್ದೆವು. ನನ್ನ ಉಸಿರಿನಿಂದಲೇ ಟ್ರೊಂಬೋನ್ ಬೆಚ್ಚಗಾಗುತ್ತ ಬಂದಂತೆ ಆ ಮಿಡಿತ ನಿಧಾನವಾಯಿತು: ಸೆಕೆಂಡಿಗೆ ಒಂದು, ಎರಡು ಸೆಕೆಂಡಿಗೆ ಒಂದು, ಬಳಿಕ ಸಮುದ್ರದ ಉಬ್ಬರದಂತೆ ಬಹಳ ದೀರ್ಘವಾದ ಒಂದು ಏರಿಳಿತ, ಕೊನೆಗೆ ಎರಡು ವಾದ್ಯಗಳೆಂಬುದೇ ತಿಳಿಯದ ನಿಶ್ಚಲ ಸ್ವರ. ನಾವು ಯಾರೂ ಅದನ್ನು ಮಾಡಲಿಲ್ಲ. ಹಿತ್ತಾಳೆ ತನ್ನ ಪಾಡಿಗೆ ಬಿಸಿಯಾಯಿತು, ನಾವು ಅಡ್ಡಬರಲಿಲ್ಲ ಅಷ್ಟೆ. ಆ ನಿಶ್ಚಲತೆಯೊಳಗೆ ಬಾಸ್ ಕ್ಲಾರಿನೆಟ್ ಕೀಲಿಗಳ ಬರಿಯ ಟಕಟಕ ಸದ್ದಿನೊಡನೆ ಪ್ರವೇಶಿಸಿದ್ದನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಮೂರನೆಯ ಬೆಳಿಗ್ಗೆಯ ತ್ರಿವಳಿ ಫ್ರೆಂಚ್ ಹಾರ್ನ್ ಮತ್ತು ಟೆನರ್ ಜೊತೆ. ಮೊದಲ ಮೂರು ನಿಮಿಷ ನಾನು ಊದಲಿಲ್ಲ. ಕಾದು ನಿಂತದ್ದಲ್ಲ, ಹಿರಿಯರು ಹೇಳಿದ ಅರ್ಥದಲ್ಲಿ ಅದೂ ನನ್ನ ವಾದನವೇ ಎಂದು ಈಗ ಧೈರ್ಯವಾಗಿ ಹೇಳಬಲ್ಲೆ. ಬಳಿಕ ಒಂದು ಸ್ವರವನ್ನು ಊದುತ್ತಲೇ ಗಂಟಲಿನಲ್ಲಿ ಇನ್ನೊಂದನ್ನು ಹಾಡಿದೆ. ಟ್ರೊಂಬೋನಿನಲ್ಲಿ ಷಡ್ಜವನ್ನು ಊದುತ್ತ ಅದರ ಪಂಚಮವನ್ನು ಹಾಡಿದರೆ, ಎರಡರ ಕಂಪನಗಳ ವ್ಯತ್ಯಾಸದಿಂದ ಕೆಳಗಿನ ಸ್ಥಾಯಿಯ ಷಡ್ಜವೂ, ಮೊತ್ತದಿಂದ ಮೇಲಿನ ಸ್ಥಾಯಿಯ ಅಂತರ ಗಾಂಧಾರವೂ ತಾವಾಗಿ ಹುಟ್ಟುತ್ತವೆ. ಒಬ್ಬನ ಬಾಯಿಂದ ನಾಲ್ಕು ಸ್ವರ. ಜರ್ಮನಿಯ ಆಲ್ಬರ್ಟ್ ಮಾಂಗೆಲ್ಸ್‌ಡಾರ್ಫ್ ಈ ವಿದ್ಯೆಯನ್ನು ಏಕವ್ಯಕ್ತಿ ಕಛೇರಿಗೆ ಒಯ್ದವರು. ಮೊದಲ ದಿನ ನಾನು ಇದನ್ನೇ ಹತ್ತಾರು ಬಾರಿ ಮಾಡಿದ್ದೆ. ಅಂದು ಮಾಡಿದ್ದು ಒಂದೇ ಬಾರಿ, ಹಾರ್ನ್ ವಾದಕರು ಬೆಲ್ಲಿನೊಳಗಿನ ಕೈಯಿಂದ ತಮ್ಮ ಸ್ವರವನ್ನು ಮುಚ್ಚುತ್ತ ಮೂಗುಧ್ವನಿಗೆ ತಂದಾಗ, ಆ ಮುಚ್ಚಿದ ಸ್ವರದ ಅಡಿಯಲ್ಲಿ ಏನೋ ಬೇಕಾಗಿದೆಯೆಂದು ಅನಿಸಿದ ಕ್ಷಣದಲ್ಲಿ. ಎಂಟು ನಿಮಿಷಕ್ಕೆ ಆ ಟೇಕ್ ತಾನಾಗಿಯೇ ಮುಗಿಯಿತು. ನಂತರ ಸುಮಾರು ಅರ್ಧ ನಿಮಿಷ ಮೂವರೂ ಅಲುಗಾಡಲಿಲ್ಲ.

ಕೊನೆಯ ಮಧ್ಯಾಹ್ನ ಒಂಬತ್ತು ಮಂದಿಯೂ ಒಟ್ಟಾದಾಗ ಮೊದಲ ಪ್ರಯತ್ನ ಕೈಗೂಡಲಿಲ್ಲ. ಆರಂಭದಲ್ಲಿ ಎಲ್ಲರೂ ಇನ್ನೊಬ್ಬರಿಗೆ ಜಾಗ ಬಿಡುತ್ತ ಸಪ್ಪೆಯಾದೆವು. ಆಮೇಲೆ ಯಾರೋ ಒಬ್ಬರು ಏರಿಸಿದ್ದೇ ತಡ ಎಲ್ಲರೂ ಏರಿದೆವು. 1965ರ ಜೂನ್ 28ರಂದು ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಏಳು ಊದುವಾದ್ಯಗಳನ್ನು ಸೇರಿಸಿ, ತಾವೂ ಸೇರಿ ಹನ್ನೊಂದು ಮಂದಿಯ ತಂಡದೊಡನೆ ನಡೆಸಿದ ಪ್ರಸಿದ್ಧ ಮುದ್ರಣದಲ್ಲಿಯೂ ಸಾಮೂಹಿಕ ಘೋಷಗಳ ನಡುವೆ ಒಬ್ಬೊಬ್ಬರ ಏಕವಾದನಕ್ಕೆ ಸ್ಥಳ ನಿಗದಿಯಾಗಿತ್ತು, ಕೆಳಗೆ ಪಿಯಾನೊ, ಬಾಸ್, ಡ್ರಮ್‌ಗಳ ನೆಲವಿತ್ತು. ನಮಗೆ ಆ ನೆಲವಿಲ್ಲ. ಬರಿಯ ಗರ್ಜನೆಯನ್ನು ಹಿತ್ತಾಳೆ ವಾದಕರ ತುಟಿಗಳು ಬಹಳ ಹೊತ್ತು ತಾಳುವುದೂ ಇಲ್ಲ; ಐದು ನಿಮಿಷಕ್ಕೆ ಟ್ರಂಪೆಟ್, ಆರು ನಿಮಿಷಕ್ಕೆ ನಾನು ಸೋತೆವು. ವಿರಾಮದಲ್ಲಿ ಟ್ಯೂಬಾ ವಾದಕರು, ಮೊದಲ ಬೆಳಿಗ್ಗೆಯ ದೀರ್ಘಸ್ವರದ ಅಭ್ಯಾಸವನ್ನೇ ಮಾಡೋಣವೆಂದರು. ಒಂದು ಉಸಿರಿಗೆ ಒಂದು ಸ್ವರ, ಬೇರೆ ಯಾವ ನಿರ್ಬಂಧವೂ ಬೇಡ.

ಟ್ಯೂಬಾ ಬಹಳ ಗಾಳಿಯನ್ನು ಬೇಡುವ ವಾದ್ಯ, ಅದರ ಉಸಿರು ಬೇಗ ಮುಗಿಯುತ್ತದೆ. ಸೊಪ್ರಾನೊ ಸ್ವಲ್ಪದರಲ್ಲೇ ಬಹಳ ಹೊತ್ತು ನಡೆಯುತ್ತದೆ. ಆವರ್ತ ಉಸಿರಾಟವನ್ನು ಬಿಟ್ಟು ಸೊಪ್ರಾನೊ ವಾದಕಿ ಅಂದು ಮೊದಲ ಬಾರಿಗೆ ಎಲ್ಲರಂತೆ ಉಸಿರೆಳೆದುಕೊಂಡರು. ಒಬ್ಬೊಬ್ಬರ ಶ್ವಾಸಕೋಶಕ್ಕೂ ವಾದ್ಯಕ್ಕೂ ತಕ್ಕಂತೆ ಒಂಬತ್ತು ಬಗೆಯ ಉದ್ದಗಳು ಒಂದರ ಮೇಲೊಂದು ಬೀಳತೊಡಗಿದವು. ಎರಡು ಸ್ವರಗಳು ಒಮ್ಮೆ ಸೇರಿದಂತೆ ಮತ್ತೆಂದೂ ಸೇರಲಿಲ್ಲ. ಒಮ್ಮೊಮ್ಮೆ ಏಳು ಮಂದಿ ಒಂದೇ ಕ್ಷಣದಲ್ಲಿ ಉಸಿರಿಗೆ ನಿಂತು, ಬ್ಯಾರಿಟೋನ್ ಮತ್ತು ಹಾರ್ನ್ ಮಾತ್ರ ಬೆಟ್ಟದ ತುದಿಗಳಂತೆ ಉಳಿದುಬಿಡುತ್ತಿದ್ದವು. ಹದಿನಾಲ್ಕು ನಿಮಿಷ ಹೀಗೆ ನಡೆಯಿತು. ಯಾರೂ ಯಾರಿಗೂ ಸನ್ನೆ ಮಾಡಲಿಲ್ಲ.

ಆಯ್ಕೆಯ ಕೆಲಸ ಎರಡು ತಿಂಗಳ ನಂತರ. ಸುಮಾರು ಐದು ಗಂಟೆಗಳ ಮುದ್ರಣದಿಂದ ಒಂದು ಗಂಟೆಗಿಂತ ಕಡಿಮೆ ಉಳಿಸಬೇಕಿತ್ತು. ಟೇಕಿನ ಒಳಗೆ ಕತ್ತರಿಸುವುದಿಲ್ಲ, ಪದರಗಳನ್ನು ಸೇರಿಸುವುದಿಲ್ಲ, ಇದ್ದರೆ ಇಡಿಯಾಗಿ ಇರಬೇಕು, ಇಲ್ಲವಾದರೆ ಇಲ್ಲ ಎಂಬುದರಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ. ಮತದಾನದ ಕ್ರಮವನ್ನು ಆಲ್ಟೊ ವಾದಕಿ ಸೂಚಿಸಿದರು: ಒಂಬತ್ತು ಮಂದಿಯ ಟೇಕನ್ನು ಹೊರತುಪಡಿಸಿ, ಪ್ರತಿಯೊಬ್ಬರೂ ತಾವು ಊದದ ಟೇಕುಗಳಿಗೆ ಮಾತ್ರ ಮತ ಕೊಡಬೇಕು. ಎಂಥ ನ್ಯಾಯವಾದ ಸೂಚನೆ ಅದು ಎಂದು ನಾನು ಈಗಲೂ ಅಂದುಕೊಳ್ಳುತ್ತೇನೆ. ನನ್ನ ಮೊದಲ ದಿನದ ತ್ರಿವಳಿಗೆ ಒಂದು ಮತವೂ ಬರಲಿಲ್ಲ. ಮೂರನೆಯ ದಿನದ್ದಕ್ಕೆ ಆರರಲ್ಲಿ ಐದು ಬಂದವು. ರಚನೆಯ ಹಕ್ಕನ್ನು ಆಯಾ ಟೇಕಿನಲ್ಲಿದ್ದ ಎಲ್ಲರ ಹೆಸರಿನಲ್ಲಿ ಸಮನಾಗಿ ಬರೆದೆವು. ಟ್ರಂಪೆಟ್ಟಿನ ಹಿರಿಯರಂತೆ ಬಹುಪಾಲು ಸುಮ್ಮನಿದ್ದವರಿಗೂ ಸಮಪಾಲು.

ಮೈಕುಗಳ ಧ್ವನಿಗಳನ್ನು ಹದವಾಗಿ ಬೆರೆಸುವ ಮಿಕ್ಸಿಂಗಿನಲ್ಲಿ ಒಂದೇ ಒಂದು ಪ್ರಶ್ನೆ ಎದ್ದಿತು. ಊದುವಾದ್ಯಗಳ ಮುದ್ರಣದಲ್ಲಿ ಉಸಿರೆಳೆಯುವ ಸದ್ದನ್ನು ತಗ್ಗಿಸುವುದು ಅನೇಕ ತಂತ್ರಜ್ಞರ ರೂಢಿ. ನಮ್ಮ ತಂತ್ರಜ್ಞೆಯೂ ಮೊದಲ ಕರಡಿನಲ್ಲಿ ಹಾಗೆಯೇ ಮಾಡಿ ಕಳುಹಿಸಿದ್ದರು. ನಾನು ಎರಡನೆಯ ದಿನದ ಟ್ರಂಪೆಟ್, ಆಲ್ಟೊ, ಟೆನರ್ ತ್ರಿವಳಿಯ ಆರನೆಯ ನಿಮಿಷಕ್ಕೆ ಹೋಗಿ ಕೇಳಿದೆ. ಟೆನರಿನ ಉಸಿರು ಅಲ್ಲಿರಲಿಲ್ಲ. ಆಲ್ಟೊ ಒಂದು ಸ್ವರವನ್ನು ಹಿಡಿದಿತ್ತು, ಅಷ್ಟೆ. ಅಂದೇ ಅವರಿಗೆ ಪತ್ರ ಬರೆದೆ. ನನಗಿಂತ ಮೊದಲೇ ಇನ್ನೂ ನಾಲ್ವರು ಅದನ್ನೇ ಬರೆದಿದ್ದರೆಂದು ಆಮೇಲೆ ತಿಳಿಯಿತು. ಉಸಿರುಗಳೆಲ್ಲವೂ ಮರಳಿದವು.

ಮುಂದಿನ ಸರದಿಗೆ ಹೊಸ ಒಂಬತ್ತು ಮಂದಿಯ ಚೌಕ ಸಿದ್ಧವಾಗುತ್ತಿದೆ; ಹಳಬರು ನಾಲ್ವರು, ಹೊಸಬರು ಐವರು. ಸಭಾಂಗಣದ ಮತ್ತು ಕಂಟ್ರೋಲ್ ರೂಮಿನ ಉಷ್ಣತೆಯನ್ನು ಸಮನಾಗಿಸಲು ಸಾಧ್ಯವೆಂದು ತಂತ್ರಜ್ಞೆ ತಿಳಿಸಿದ್ದಾರೆ, ವಾದ್ಯಗಳು ಮೊದಲಿನಿಂದಲೇ ಶ್ರುತಿಯಲ್ಲಿ ಸೇರುತ್ತವೆ ಎಂದಿದ್ದಾರೆ. ಆಲ್ಟೊ ವಾದಕಿಯೂ ನಾನೂ ಬೇಡವೆಂದು ಬರೆದಿದ್ದೇವೆ. ಉಳಿದವರ ಉತ್ತರ ಇನ್ನೂ ಬಂದಿಲ್ಲ.